ಕೂಗಳತೆಯ ನಾಡಿನಲ್ಲಿ

ಬಯಲುಸೀಮೆಯವರಾದ ನಾವು ದೂರವನ್ನು ಹಿಂದೆ ಹರದಾರಿಯಲ್ಲಿ ಹೇಳುತ್ತಿದ್ದೆವು. ಆಮೇಲೆ ಮೈಲಿ ಬಂದಿತು, ಈಗ ಕಿಲೋಮೀಟರು. ಇವೆಲ್ಲಕ್ಕಿಂತ ಹಳೆಯದಾದ ಇನ್ನೊಂದು ಅಳತೆ ಕನ್ನಡದಲ್ಲಿ ಉಂಟು. ಅದು ಕೂಗಳತೆ. ಅಂಗಳದಲ್ಲಿ ನಿಂತು ಒಬ್ಬನು ಕೂಗಿದರೆ ಎಷ್ಟು ದೂರ ಕೇಳಿಸುವುದೋ ಅಷ್ಟು ದೂರವು ಒಂದು ಕೂಗಳತೆ. ನಮ್ಮ ಕಡೆ ಇದು ಬರಿಯ ಮಾತಾಗಿ ಉಳಿದಿದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಸಂಚರಿಸಿದವನಿಗೆ ಇದು ಮಾತಲ್ಲ, ಬದುಕಿನ ಸಂಗತಿ ಎಂಬುದು ಎರಡು ದಿವಸದೊಳಗಾಗಿ ಮನವರಿಕೆಯಾಗುವುದು.

ನಮ್ಮಲ್ಲಿ ಊರೆಂದರೆ ಮನೆಗಳು ಒಂದರ ಗೋಡೆಗೆ ಇನ್ನೊಂದು ಒರಗಿ ಸಾಲಾಗಿ ನಿಂತಿರುವುವು. ಇಲ್ಲಿ ಹಾಗಲ್ಲ. ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ಒಂದು ಅಡಕೆಯ ತೋಟ, ತೋಟದ ತಲೆಯಲ್ಲಿ ಒಂದು ಮನೆ, ಮುಂದೆ ಗದ್ದೆ, ಹಿಂದೆ ಕಾಡು. ಅಲ್ಲಿಗೆ ಒಂದು ಊರು ಮುಗಿಯಿತು. ಆಚೆಯ ಮನೆಗೆ ಹೋಗಬೇಕಾದರೆ ದಣಪೆ ದಾಟಿ, ಹಳ್ಳದ ಮೇಲಿನ ಸಂಕ ದಾಟಿ, ಇನ್ನೊಂದು ಗುಡ್ಡದ ಒಳದಾರಿ ಹಿಡಿಯಬೇಕು. ಮಳೆಗಾಲದಲ್ಲಿ ಸಂಕವೇ ಕೊಚ್ಚಿಕೊಂಡು ಹೋದರೆ ಅದೂ ಇಲ್ಲ. ಹೀಗಿರುವಲ್ಲಿ ಹಾವು ಕಡಿದರೂ, ಹುಲಿ ಕೊಟ್ಟಿಗೆಗೆ ನುಗ್ಗಿದರೂ, ಕಳ್ಳರು ಬಂದರೂ ಮನುಷ್ಯನಿಗೆ ಇದ್ದ ಆಸರೆ ಒಂದೇ: ಅಂಗಳದ ಅಂಚಿಗೆ ಬಂದು "ಕೂ" ಎಂದು ಕೂಗುವುದು. ಕೊಪ್ಪದ ಸಮೀಪದ ನನ್ನ ಆತಿಥೇಯರು ಎಂಬತ್ತು ದಾಟಿದವರು. ತಮ್ಮ ಬಾಲ್ಯದಲ್ಲಿ ಕೂಗಿದ ದನಿಯಿಂದಲೇ ಅದು ಯಾರ ಮನೆಯದೆಂದು ಗುರುತು ಹಿಡಿಯುತ್ತಿದ್ದರೆಂದೂ, ಅದು ರಾತ್ರಿಯ ಕೂಗಾದರೆ ಉಣ್ಣುತ್ತಿದ್ದವನು ಕೈ ತೊಳೆಯದೆ ಎದ್ದು ಕೋವಿಯನ್ನೋ ಕತ್ತಿಯನ್ನೋ ಹಿಡಿದು ಹೊರಡುತ್ತಿದ್ದನೆಂದೂ ಅವರು ಹೇಳಿದರು. ಈಗ ಮೊಬೈಲು ಫೋನು ಬಂದಿದೆ. ಆದರೆ ಕೆಲವು ಕಣಿವೆಗಳಲ್ಲಿ ಅದಕ್ಕೆ ಸಿಗ್ನಲ್ಲು ದೊರೆಯಬೇಕಾದರೆ ಗುಡ್ಡ ಹತ್ತಬೇಕು. ಅಷ್ಟು ಹೊತ್ತಿಗೆ ಕೂಗಿದ್ದರೆ ಇಬ್ಬರು ಬಂದಿರುತ್ತಿದ್ದರು.

"ನಿಮ್ಮ ಬೆಂಗಳೂರಿನಲ್ಲಿ ಹಾಡುಹಗಲೇ ಒಬ್ಬನನ್ನು ಹೊಡೆಯುತ್ತಿದ್ದರೂ ಜನ ನಿಂತು ನೋಡುತ್ತಾರಂತೆ, ನಮ್ಮಲ್ಲಿ ಅದಿಲ್ಲ" ಎಂದು ಈ ಹಿರಿಯರು ಸ್ವಲ್ಪ ಅಭಿಮಾನದಿಂದಲೇ ನುಡಿದರು. ಬೆಂಗಳೂರು ನನ್ನದಲ್ಲವೆಂದು ಹೇಳಿದರೂ ಅವರು ಕೇಳಲಿಲ್ಲ. ಘಟ್ಟದ ಮೇಲಿನವರಿಗೆ ಬಯಲೆಲ್ಲವೂ ಬೆಂಗಳೂರೇ. ಅವರ ಮಾತು ಎಷ್ಟು ನಿಜವೆಂಬ ಪ್ರಶ್ನೆ ಮಾತ್ರ ನನ್ನೊಡನೆ ಮೂರು ತಾಲ್ಲೂಕುಗಳನ್ನೂ ಸುತ್ತಿತು.

ಮಾರನೆಯ ದಿನವೇ ಕೊಪ್ಪದ ಬಸ್ಸು ನಿಲ್ದಾಣದಲ್ಲಿ ಅದಕ್ಕೆ ಅರ್ಧ ಉತ್ತರ ದೊರಕಿತು. ಮೂವತ್ತರ ಒಳಗಿನ ಒಬ್ಬ ತರುಣನು, ಕುಡಿದಿದ್ದನೆಂದು ತೋರುತ್ತದೆ, ಜೊತೆಯಲ್ಲಿದ್ದ ಹೆಂಗಸಿನ ಕೆನ್ನೆಗೆ ಹೊಡೆದು ಮತ್ತೊಮ್ಮೆ ಕೈ ಎತ್ತಿದನು. ನಿಲ್ದಾಣದಲ್ಲಿ ನಲವತ್ತು ಜನರಾದರೂ ಇದ್ದೆವು. ಎಲ್ಲರೂ ನೋಡಿದೆವು, ಒಂದು ಕ್ಷಣ ಯಾರೂ ಅಲುಗಲಿಲ್ಲ. ಅಷ್ಟರಲ್ಲಿ ಸೇವಂತಿಗೆಯ ಬುಟ್ಟಿಯ ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಎದ್ದು, ಅವನ ಎದುರಿಗೆ ಹೋಗಿ, ಗಟ್ಟಿಯಾಗಿ ಕೇಳಿದಳು:

"ಏಯ್ ತಮ್ಮಾ, ನೀನು ಯಾರ ಮನೆಯವ?"

"ನಿನಗೆಂತಕ್ಕೆ? ಇವಳು ನನ್ನ ಹೆಂಡ್ತಿ."

"ಹೆಂಡ್ತಿಯೇ ಇರ್ಲಿ ಮಾರಾಯ. ನಾ ಕೇಳಿದ್ದು ನೀನು ಯಾರ ಮನೆಯವ ಅಂತ. ನಿನ್ನ ಅಪ್ಪಯ್ಯನ ಹೆಸರೆಂತ?"

ಅವನು ಉತ್ತರ ಹೇಳಲಿಲ್ಲ. ಎತ್ತಿದ ಕೈ ಇಳಿಯಿತು. ಆಮೇಲೆ ಟೀ ಅಂಗಡಿಯವನು ಬಂದನು, ಬಸ್ಸಿನ ಡ್ರೈವರು ಬಂದನು, ಇಬ್ಬರು ಕಾಲೇಜು ಹುಡುಗರು ಬಂದು ಆ ಹೆಂಗಸಿಗೂ ಅವನಿಗೂ ನಡುವೆ ನಿಂತರು. ಮುದುಕಿ ತನ್ನ ಬುಟ್ಟಿಯ ಬಳಿಗೆ ಹೋಗಿ ಹೂವಿಗೆ ನೀರು ಚಿಮುಕಿಸತೊಡಗಿದಳು.

"ಯಾರ ಮನೆಯವ" ಎಂಬ ಪ್ರಶ್ನೆಗೆ ಮಲೆನಾಡಿನಲ್ಲಿರುವ ಬಲವನ್ನು ಹೊರಗಿನವರು ತಿಳಿಯುವುದು ಕಷ್ಟ. ಹೆಸರು ಹೇಳಿದೊಡನೆ ಮನೆ ತಿಳಿಯುವುದು. ಮನೆ ತಿಳಿದೊಡನೆ ತಂದೆ, ಸೋದರಮಾವ, ಹೆಣ್ಣು ಕೊಟ್ಟವರು, ಎಲ್ಲರೂ ತಿಳಿಯುವರು. ಸಂಜೆಯೊಳಗೆ ಸುದ್ದಿ ದಣಪೆ ದಾಟಿ ಮನೆಯ ಜಗಲಿಯಲ್ಲಿ ಕುಳಿತಿರುವುದು. ಇದೇ ಪ್ರಶ್ನೆಯನ್ನು ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಕೇಳಿದರೆ ಏನಾಗಬಹುದು? ಕೇಳಿದವಳಿಗೆ ಅವನ ಮನೆ ಗೊತ್ತಿಲ್ಲವೆಂಬುದು ಅವನಿಗೆ ಗೊತ್ತು. ಎರಡು ಊರುಗಳ ಜನರ ಧೈರ್ಯದಲ್ಲಿ ಭೇದವಿದೆಯೆಂದು ಹೇಳುವುದಕ್ಕೆ ಮುಂಚೆ ಈ ಒಂದು ಆಯುಧವು ಒಬ್ಬರ ಕೈಯಲ್ಲಿದೆ, ಮತ್ತೊಬ್ಬರ ಕೈಯಲ್ಲಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಿಂತು ನೋಡುವ ಜನರ ಅಪಕೀರ್ತಿ ಬೆಂಗಳೂರಿಗೆ ಮಾತ್ರ ಮೀಸಲಲ್ಲ. ಕೊಪ್ಪಕ್ಕೂ ಕೊಪ್ಪಳಕ್ಕೂ ಹೆಸರಿನಲ್ಲಿ ಒಂದೇ ಅಕ್ಷರದ ಅಂತರ. ಆ ಕೊಪ್ಪಳದಲ್ಲಿ 2017ರ ಫೆಬ್ರವರಿಯಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಹದಿನೆಂಟು ವರ್ಷದ ಹುಡುಗನು ಬಸ್ಸಿಗೆ ಸಿಕ್ಕಿ ರಕ್ತದ ಮಡುವಿನಲ್ಲಿ ಬಿದ್ದಿದ್ದಾಗ ಸುತ್ತ ನೆರೆದವರಲ್ಲಿ ಹಲವರು ಮೊಬೈಲಿನಿಂದ ಚಿತ್ರ ತೆಗೆಯುತ್ತಿದ್ದರು. ಹುಡುಗನು ಉಳಿಯಲಿಲ್ಲ. ಅದು ಹೊಡೆದಾಟವಲ್ಲ, ಅಪಘಾತ. ಮುಟ್ಟಿದರೆ ಪೋಲೀಸು ಠಾಣೆಗೂ ಕೋರ್ಟಿಗೂ ಅಲೆಯಬೇಕಾದೀತೆಂಬ ಭಯವೂ ಅಂತಹ ಕಡೆ ಇರುತ್ತದೆ. ಆ ಭಯವನ್ನು ಹೋಗಲಾಡಿಸಲೆಂದೇ ಸುಪ್ರೀಂ ಕೋರ್ಟು 2016ರ ಮಾರ್ಚಿನಲ್ಲಿ ನೆರವಾಗುವವರ ರಕ್ಷಣೆಯ ನಿಯಮಗಳಿಗೆ ಬಲ ಕೊಟ್ಟಿತು. ಕರ್ನಾಟಕದ ಶಾಸನಸಭೆಯೂ ಅದೇ ವರ್ಷ ಇದಕ್ಕಾಗಿ ಮಸೂದೆ ಮಾಡಿತು, ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದುದು 2018ರಲ್ಲಿ. ಕಾನೂನು ಬಂದುದು ಎಷ್ಟು ಜನಕ್ಕೆ ತಿಳಿದಿದೆಯೋ ಹೇಳುವುದು ಕಷ್ಟ.

ಇನ್ನು ಹೊರದೇಶದ ಮಾತು. 1964ರಲ್ಲಿ ನ್ಯೂಯಾರ್ಕಿನಲ್ಲಿ ತರುಣಿಯೊಬ್ಬಳನ್ನು ರಾತ್ರಿಯ ಹೊತ್ತು ಅವಳ ಮನೆಯ ಬಳಿಯಲ್ಲಿಯೇ ಇರಿದು ಕೊಂದಾಗ ಮೂವತ್ತೆಂಟು ಮಂದಿ ನೆರೆಯವರು ಕಿಟಕಿಯಿಂದ ನೋಡಿ ಸುಮ್ಮನಿದ್ದರೆಂದು ಅಲ್ಲಿಯ ದೊಡ್ಡ ಪತ್ರಿಕೆ ಬರೆಯಿತು. ಜಗತ್ತೆಲ್ಲ ಅದನ್ನು ನಂಬಿತು. ಅದರಿಂದ ಪ್ರೇರಿತರಾದ ಇಬ್ಬರು ಪಂಡಿತರು 1968ರಲ್ಲಿ ಪ್ರಯೋಗ ನಡೆಯಿಸಿ, ನೋಡುವವರು ಹೆಚ್ಚಿದಷ್ಟೂ ಒಬ್ಬೊಬ್ಬನೂ "ಬೇರೆ ಯಾರಾದರೂ ಹೋಗುವರು" ಎಂದುಕೊಂಡು ತಡೆಯುವನೆಂದು ತೋರಿಸಿದರು. ಕೊಪ್ಪದ ನಿಲ್ದಾಣದ ಆ ಮೊದಲ ಕ್ಷಣವನ್ನು ನೆನೆದರೆ ಇದು ಸುಳ್ಳಲ್ಲ. ಆದರೆ ಮೂವತ್ತೆಂಟರ ಕಥೆ ಮಾತ್ರ ಪೂರ್ತಿ ನಿಲ್ಲಲಿಲ್ಲ. ಅದು ಅತಿಶಯೋಕ್ತಿಯಾಗಿತ್ತೆಂದು ಆ ಪತ್ರಿಕೆಯೇ 2016ರಲ್ಲಿ ಒಪ್ಪಿಕೊಂಡಿತು. ಒಬ್ಬನು ಕಿಟಕಿಯಿಂದ ಗದರಿದ್ದನು. ನೆರೆಮನೆಯ ಹೆಂಗಸೊಬ್ಬಳು ಮೆಟ್ಟಿಲಿಳಿದು ಓಡಿಬಂದು ಸಾಯುತ್ತಿದ್ದವಳನ್ನು ತೋಳಿನಲ್ಲಿ ಹಿಡಿದಿದ್ದಳು. 2019ರಲ್ಲಿ ಪ್ರಕಟವಾದ ಇನ್ನೊಂದು ಶೋಧನೆಯಲ್ಲಿ ಹಾಲೆಂಡು, ಇಂಗ್ಲೆಂಡು, ದಕ್ಷಿಣ ಆಫ್ರಿಕ ಈ ಮೂರು ದೇಶಗಳ ಮೂರು ಪಟ್ಟಣಗಳ ಬೀದಿಯ ಕ್ಯಾಮೆರಾಗಳಲ್ಲಿ ದಾಖಲಾದ 219 ಜಗಳಗಳನ್ನು ಪರೀಕ್ಷಿಸಿದರು. ಹತ್ತರಲ್ಲಿ ಒಂಬತ್ತು ಕಡೆ ಯಾರಾದರೊಬ್ಬರು ನಡುವೆ ಹೋಗಿಯೇ ಇದ್ದರು. ಮೂರು ದೇಶಗಳೊಳಗೆ ಹೇಳಿಕೊಳ್ಳುವಂತಹ ಭೇದವೇ ಕಾಣಲಿಲ್ಲ. ಹಾಗಾದರೆ ಒಂದು ನಾಡಿನವರು ಕಲ್ಲೆದೆಯವರು, ಇನ್ನೊಂದು ನಾಡಿನವರು ಕರುಣಾಳುಗಳು ಎಂಬ ಹಂಚಿಕೆಯನ್ನು ಅಷ್ಟು ಸುಲಭವಾಗಿ ಮಾಡಲಾಗದು.

ಕೊಪ್ಪದಿಂದ ಹರಿಹರಪುರದ ಮೇಲೆ ಶೃಂಗೇರಿಗೆ ಹೋಗುವ ದಾರಿಯು ತುಂಗಾನದಿಯ ಜೊತೆಗಾರ. ಶೃಂಗೇರಿಯ ವಿದ್ಯಾಶಂಕರ ದೇವಾಲಯವನ್ನೂ ಅದರ ಹನ್ನೆರಡು ರಾಶಿಗಳ ಕಂಬಗಳನ್ನೂ ಕುರಿತು ಇಲ್ಲಿ ವರ್ಣಿಸುವುದಿಲ್ಲ, ಅನೇಕರು ವರ್ಣಿಸಿರುವರು. ನನ್ನನ್ನು ನಿಲ್ಲಿಸಿದುದು ಹೊಳೆಯ ದಡದಲ್ಲಿರುವ ಕಪ್ಪೆ ಶಂಕರನ ಪುಟ್ಟ ಗುಡಿ. ಶ್ರೀ ಶಂಕರಾಚಾರ್ಯರು ಪೀಠಕ್ಕೆ ಸ್ಥಳವನ್ನು ಅರಸುತ್ತ ಇಲ್ಲಿಗೆ ಬಂದಾಗ, ಉರಿಬಿಸಿಲಿನಲ್ಲಿ ಪ್ರಸವವೇದನೆಪಡುತ್ತಿದ್ದ ಕಪ್ಪೆಯೊಂದಕ್ಕೆ ಸರ್ಪವು ಹೆಡೆಯೆತ್ತಿ ನೆರಳು ಹಿಡಿದಿದ್ದುದನ್ನು ಕಂಡರೆಂಬ ಐತಿಹ್ಯವನ್ನು ವಾಚಕರು ಕೇಳಿರಬಹುದು. ಇದನ್ನು ಸ್ಥಳಮಹಿಮೆಯೆಂದು ಎಲ್ಲರೂ ಹೇಳುವರು. ಕಥೆ ಕಟ್ಟಿದವರು ಆಯ್ದುಕೊಂಡ ಪಾತ್ರಗಳನ್ನೂ ಗಮನಿಸಬೇಕು. ಕಪ್ಪೆಗೆ ನೆರವಾದುದು ಇನ್ನೊಂದು ಕಪ್ಪೆಯಲ್ಲ. ತನ್ನವರಿಗೆ ತಾನು ನೆರಳಾಗುವುದರಲ್ಲಿ ಆಚಾರ್ಯರು ಬೆರಗಾಗಿ ನಿಲ್ಲುವಂತಹುದೇನಿದೆ?

ಇದೇ ಊರು 1791ರಲ್ಲಿ ಸೂರೆಯಾಯಿತು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಪರಶುರಾಮ ಭಾವೂ ಪಟವರ್ಧನನ ಮರಾಠಾ ದಂಡಿನ ಕಡೆಯ ಸವಾರರು ಮಠಕ್ಕೆ ನುಗ್ಗಿ ಹಲವರನ್ನು ಕೊಂದು, ಗಾಯಗೊಳಿಸಿ, ಶಾರದೆಯ ಮೂರ್ತಿಯನ್ನೂ ಸ್ಥಾನಪಲ್ಲಟ ಮಾಡಿದರು. ಆಗಿನ ಜಗದ್ಗುರುಗಳು ಕಾರ್ಕಳಕ್ಕೆ ಹೋಗಿ ನಿಲ್ಲಬೇಕಾಯಿತು. ಸೂರೆಮಾಡಿದವರು ಸ್ವಮತದವರು, ಮೊರೆಗೆ ಓಗೊಟ್ಟು ಮೂರ್ತಿಯ ಪುನಃಪ್ರತಿಷ್ಠೆಗೆ ಹಣವನ್ನೂ ಸಾಮಗ್ರಿಯನ್ನೂ ಕೊಡುವಂತೆ ಬಿದನೂರಿನ ಅಧಿಕಾರಿಗೆ ಅಪ್ಪಣೆ ಮಾಡಿದವನು ಟಿಪ್ಪು ಸುಲ್ತಾನನು. ಆತನು ಮಠಕ್ಕೆ ಕನ್ನಡದಲ್ಲಿ ಬರೆಯಿಸಿದ ಕಾಗದಗಳನ್ನು 1916ರಲ್ಲಿ ಮೈಸೂರಿನ ಪ್ರಾಕ್ತನ ಶಾಸ್ತ್ರ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಇದೇ ಸುಲ್ತಾನನ ವಿಷಯದಲ್ಲಿ ಕೊಡಗಿನವರ ನೆನಪು ಬೇರೆ. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಒಂದು ಕೂಗಿಗೆ ಓಗೊಟ್ಟವನು ಇನ್ನೊಂದು ಕಡೆಯ ಕೂಗಿಗೆ ತಾನೇ ಕಾರಣನಾಗಿರಬಹುದೆಂಬುದು ಚರಿತ್ರೆಯಲ್ಲಿ ಹೊಸದೇನೂ ಅಲ್ಲ.

ಆ ಸಂಜೆ ಶೃಂಗೇರಿಯಲ್ಲಿ ನನ್ನ ಹಳೆಯ ಸಹಪಾಠಿಗಳೊಬ್ಬರ ಮನೆಯ ಜಗಲಿಯಲ್ಲಿ ಮಾತು ಧರ್ಮಶಾಸ್ತ್ರದ ಕಡೆಗೆ ತಿರುಗಿತು. ನಿಂತು ನೋಡುವುದು ಅಪರಾಧವೆಂದು ಫ್ರಾನ್ಸ್, ಜರ್ಮನಿಗಳ ದಂಡಸಂಹಿತೆಗಳು ಹೇಳುತ್ತವೆ. ಇಂಗ್ಲಿಷರ ನ್ಯಾಯಪದ್ಧತಿಯಲ್ಲಿ ಸಾಮಾನ್ಯವಾಗಿ ಅಂತಹ ಕಟ್ಟಳೆಯಿಲ್ಲ. ಅವರ ಜಾಡಿನಲ್ಲಿ ಬಂದ ನಮ್ಮಲ್ಲಿಯೂ ಇಲ್ಲ. ಇನ್ನೊಬ್ಬನ ದೇಹರಕ್ಷಣೆಗಾಗಿ ತಕ್ಕಷ್ಟು ಬಲವನ್ನು ಉಪಯೋಗಿಸುವ ಹಕ್ಕನ್ನು ಮಾತ್ರ ಹಿಂದಿನ ದಂಡಸಂಹಿತೆಯೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಕೊಟ್ಟಿವೆ. ಪ್ರಾಚೀನರು ಹಕ್ಕಿನಲ್ಲಿಯೇ ನಿಲ್ಲಲಿಲ್ಲ. ಊರು ಸೂರೆಯಾಗುವಾಗ, ಕಟ್ಟೆಯೊಡೆಯುವಾಗ, ದಾರಿಯಲ್ಲಿ ದರೋಡೆ ಕಂಡಾಗ ಶಕ್ತಿಗೆ ತಕ್ಕಂತೆ ಓಡಿ ಬಾರದವರನ್ನು ಗಂಟುಮೂಟೆಸಹಿತ ಊರು ಬಿಡಿಸಬೇಕೆಂದು ಮನು ವಿಧಿಸುತ್ತಾನೆ. ಯಾಜ್ಞವಲ್ಕ್ಯನು ಇನ್ನೂ ಸೂಕ್ಷ್ಮ. ಕೂಗಿದಾಗ ಓಡಿ ಬಾರದವನಿಗೂ ನೂರು ಪಣ ದಂಡ, ಕಾರಣವಿಲ್ಲದೆ ಕೂಗಿದವನಿಗೂ ನೂರು ಪಣ ದಂಡ. ಎರಡನ್ನೂ ಒಂದೇ ಶ್ಲೋಕದಲ್ಲಿ ಇರಿಸಿದ್ದಾನೆ.

ಯಾಜ್ಞವಲ್ಕ್ಯನಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿದ್ದವನು. ಆ ಕಲ್ಯಾಣವು ಈಗಿನ ಬೀದರ ಜಿಲ್ಲೆಯಲ್ಲಿದೆ. ಅದೇ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯಲ್ಲಿ 2018ರ ಜುಲೈ ತಿಂಗಳಲ್ಲಿ ನಡೆದುದನ್ನು ಮರೆಯುವಂತಿಲ್ಲ. ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದಿದ್ದ ತರುಣರು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ಮುಂದಾಗಿ ಓಡಿತು. ಮುರ್ಕಿಯಲ್ಲಿ ದಾರಿಯನ್ನು ಅಡ್ಡಗಟ್ಟಿದರು; ನೂರಾರು ಜನ ಸೇರಿ ಹೊಡೆದರು; ಒಬ್ಬನು ಸತ್ತನು. ಬಿಡಿಸಹೋದ ಪೋಲೀಸಿನವರಿಗೂ ಪೆಟ್ಟಾಯಿತು. ಅಂದು ಅಲ್ಲಿ ಯಾರೂ ನಿಂತು ನೋಡುವವರಾಗಿರಲಿಲ್ಲ. ಎಲ್ಲರೂ ಮಕ್ಕಳ ರಕ್ಷಣೆಗೆಂದು ಓಡಿಬಂದವರೇ. ಕೊಪ್ಪದ ಮುದುಕಿ ಮೊದಲು ಕೇಳಿದಳು, ನೀನು ಯಾರೆಂದು. ಮುರ್ಕಿಯಲ್ಲಿ ಕೇಳುವುದಕ್ಕೆ ಮುಂಚೆ ಕೈ ಮುಂದಾಯಿತು. ಯಾಜ್ಞವಲ್ಕ್ಯನ ಎರಡನೆಯ ನೂರು ಪಣವು ಬರಿಯ ತರ್ಕದ ಅಲಂಕಾರವಲ್ಲವೆಂದು ನನಗೆ ಆಗ ತೋರಿತು.

ಆದರೆ ಅದೇ ಶ್ಲೋಕದ ಕೊನೆಯ ಪಾದವನ್ನು ನಾವು ಪಾಠಶಾಲೆಯಲ್ಲಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆವು. ಉತ್ತಮ ವರ್ಣದವರನ್ನು ಮುಟ್ಟಿದ ಚಂಡಾಲನಿಗೂ ಅಷ್ಟೇ ದಂಡವನ್ನು ಅಲ್ಲಿ ಹೇಳಿದೆ. ಈಗ ಯೋಚಿಸಿ ನೋಡಿ: ಮೇಲು ಜಾತಿಯವನೊಬ್ಬನು ಕಳ್ಳರ ಕೈಗೆ ಸಿಕ್ಕಿ ಕೂಗಿಕೊಂಡಾಗ ಆ ಬಡವನು ಏನು ಮಾಡಬೇಕು? ಬಾರದಿದ್ದರೆ ಬಾರದ ದಂಡ. ಬಂದು ಹಿಡಿದೆತ್ತಿದರೆ ಮುಟ್ಟಿದ ದಂಡ. ನನ್ನ ಸಹಪಾಠಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಪತ್ತಿನಲ್ಲಿ ದೋಷವಿಲ್ಲ" ಎಂದರು. ಇರಬಹುದು. ಆದರೆ ಆ ಚಂಡಾಲನೇ ಕೂಗಿಕೊಂಡಿದ್ದರೆ ಓಡಿ ಬರುತ್ತಿದ್ದವರು ಯಾರು?

ಈ ಪ್ರಶ್ನೆಯನ್ನು ಹೊತ್ತುಕೊಂಡೇ ಜಯಪುರ, ಬಾಳೆಹೊನ್ನೂರುಗಳ ದಾರಿಯಾಗಿ ನರಸಿಂಹರಾಜಪುರಕ್ಕೆ ಹೊರಟೆನು. ಕಾಫಿಯ ತೋಟಗಳ ನಡುವೆ ಬಸ್ಸು ತಿರುಗುವುದೇ ತಿರುಗುವುದು. ಮಲೆನಾಡಿನ ದೊಡ್ಡ ಮನೆಗಳ ಅಂಗಳದಲ್ಲಿ ಆಳನ್ನು ಕಂಬಕ್ಕೆ ಕಟ್ಟಿಸಿ ಹೊಡೆಯಿಸಿದ ಕಥೆಗಳು ಈ ಕಡೆ ಇನ್ನೂ ಹಿರಿಯರ ಬಾಯಲ್ಲಿವೆ. ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು ತಮ್ಮ ಕಾದಂಬರಿಗಳಲ್ಲಿ ಆ ದರ್ಪವನ್ನು ಮುಚ್ಚುಮರೆಯಿಲ್ಲದೆ ಚಿತ್ರಿಸಿರುವರು. ಅಂತಹ ಹೊತ್ತಿನಲ್ಲಿಯೂ ಕೂಗು ಎದ್ದಿರಬೇಕಲ್ಲವೆ? ಅದೂ ಅಷ್ಟೇ ಅಂಗಳ, ಅಷ್ಟೇ ಕಣಿವೆ, ಅಷ್ಟೇ ಕೂಗಳತೆ. ಹುಲಿಯ ಕೂಗಿಗೆ ಊಟ ಬಿಟ್ಟು ಎದ್ದವನೇ ಈ ಕೂಗಿಗೆ ಎಲೆಯಿಂದ ತಲೆಯೆತ್ತದೆ ಕುಳಿತನು. "ಗೌಡರ ಮನೆಯ ವಿಷಯ" ಎಂದನು. ಅವನು ಹೇಡಿಯಾಗಿರಲಿಲ್ಲ. ಗೌಡರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದನು. ಹಾಗಾದುದರಿಂದ ನನ್ನ ಆತಿಥೇಯರ ಅಭಿಮಾನದ ಮಾತಿಗೆ ಒಂದು ತಿದ್ದುಪಡಿ ಬೇಕೆಂದು ತೋರುತ್ತದೆ. ಕೂಗು ಕಿವಿಗೆ ಬಿದ್ದರೆ ಸಾಲದು. ಕೂಗುವವನು ಯಾರು, ಹೊಡೆಯುವವನು ಯಾರು ಎಂದು ಮನಸ್ಸು ಮೊದಲು ಕೇಳಿಕೊಳ್ಳುವುದು. ಕಾಲು ಏಳುವುದು ಆಮೇಲೆ. ಭೇದವಿರುವುದು ನಾಡು ನಾಡುಗಳ ನಡುವೆ ಅಷ್ಟಾಗಿ ಅಲ್ಲ, ಕೂಗು ಕೂಗುಗಳ ನಡುವೆ.

ನಮ್ಮ ಹಿಂದಿನವರು ಇದನ್ನು ಅರಿಯದವರಲ್ಲ. ಸೊರಬ, ಶಿಕಾರಿಪುರದ ಕಡೆ ಹೇರಳವಾಗಿ ಸಿಕ್ಕುವ ವೀರಗಲ್ಲುಗಳನ್ನು ನೋಡಿದವರಿಗೆ ಗೊತ್ತು. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸನ್ನಿಧಿ. ಅರಸನಿಗಾಗಿ ಸತ್ತವರ ಕಲ್ಲುಗಳಷ್ಟೇ ಅಲ್ಲ. ತುರುಗೊಳ್ ಎಂದರೆ ಊರ ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡ ಬಂದು ಸತ್ತವರವೂ, ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೊರೆಯನ್ನು ಕೇಳಿ ನುಗ್ಗಿ ಸತ್ತವರವೂ ಉಂಟು. ಹೆಣ್ಣಿನ ಕೂಗಿಗೆ ಓಡಿ ಸತ್ತುದಕ್ಕೆ ಒಂದು ಪಾರಿಭಾಷಿಕ ಶಬ್ದವನ್ನೇ ಮಾಡಿಟ್ಟುಕೊಂಡ ಭಾಷೆ ನಮ್ಮದು. ಆದರೆ ಆ ಕಲ್ಲುಗಳಲ್ಲಿ ಶತ್ರುವು ಹೊರಗಿನಿಂದ ಬಂದವನು. ಸ್ವಂತ ಗಂಡನ ಕೈಯಲ್ಲಿ ಪೆಟ್ಟು ತಿಂದು ಕೂಗಿದವಳ ಪಾಲಿಗೆ ಬಂದುದು ಕಲ್ಲಲ್ಲ, ಗಾದೆ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.

ನರಸಿಂಹರಾಜಪುರವು ಮೊದಲು ಎಡೇಹಳ್ಳಿಯೆನಿಸಿತ್ತು. ಮೈಸೂರಿನ ಯುವರಾಜರಾಗಿದ್ದ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಆಮೇಲೆ ಪಡೆಯಿತು. ಹಿಂದೆ ತರೀಕೆರೆಯಿಂದ ಇಲ್ಲಿಯವರೆಗೆ ಪುಟ್ಟ ರೈಲೊಂದು ಬರುತ್ತಿತ್ತು. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಏರಿ ಹಳ್ಳಿಗಳೂ ಗದ್ದೆಗಳೂ ಮುಳುಗಿದುವು, ರೈಲೂ ಹೋಯಿತು. ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಜೈನ ಬಸದಿ, ಕೇರಳದಿಂದ ಬಂದು ನೆಲೆನಿಂತ ಕ್ರೈಸ್ತ ಕುಟುಂಬಗಳ ರಬ್ಬರಿನ ತೋಟಗಳು, ಚರ್ಚುಗಳು, ಮಸೀದಿಗಳು. ಮೂರು ತಾಲ್ಲೂಕುಗಳಲ್ಲಿ ಪರಸ್ಪರ ಪರಿಚಯವಿಲ್ಲದವರು ಹೆಚ್ಚಾಗಿ ಒಟ್ಟಿಗೆ ಬಾಳುತ್ತಿರುವ ಊರು ಇದು. "ಯಾರ ಮನೆಯವ" ಎಂಬ ಪ್ರಶ್ನೆ ಇಲ್ಲಿ ಕೊಪ್ಪದಲ್ಲಿರುವಷ್ಟು ಹರಿತವಲ್ಲ.

ಇಲ್ಲಿ ನಾನು ಇಳಿದುಕೊಂಡಿದ್ದುದು ದೂರದ ಬಂಧುಗಳ ಮನೆಯಲ್ಲಿ. ರಾತ್ರಿಯ ಊಟದ ಹೊತ್ತಿಗೆ ಮಾತು ಇದೇ ವಿಷಯಕ್ಕೆ ಬಂದಾಗ, ಬಡಿಸುತ್ತಿದ್ದ ಮನೆಯಾಕೆ ಅದುವರೆಗೆ ಸುಮ್ಮನಿದ್ದವರು, "ಗಂಡಸರು ಬಿಡಿಸುವುದೆಂದರೆ ಮೈಮೇಲೆ ಬೀಳುವುದು ಎಂದೇ ತಿಳಿದಿದ್ದಾರೆ" ಎಂದರು. ಮನೆಯೊಳಗಣ ಹಿಂಸೆಯಿಂದ ಹೆಂಗಸರನ್ನು ರಕ್ಷಿಸುವ 2005ರ ಕಾನೂನಿನಲ್ಲಿ, ಅಂತಹ ಸಂಗತಿಯನ್ನು ನೆರೆಯವರು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದೆಂದೂ, ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ನಡೆಯದೆಂದೂ ಇದೆಯೆಂದು ನಾನು ಹೇಳಿದೆನು. 2008ರಲ್ಲಿ ಬೆಲ್ ಬಜಾವೋ ಎಂಬ ಪ್ರಚಾರ ನಡೆದುದನ್ನೂ ಹೇಳಿದೆನು. ನೆರೆಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಹೋಗಿ ಬಾಗಿಲ ಗಂಟೆಯನ್ನು ಬಾರಿಸಿ, ಏನಾದರೊಂದು ನೆಪ ಹೇಳಿ ಎಂಬುದು ಅದರ ಉಪದೇಶ. ಆಕೆ ನಕ್ಕರು. ಅವರ ಅತ್ತೆಯವರು ಇದನ್ನು ಯಾವ ಪ್ರಚಾರವೂ ಇಲ್ಲದೆ ಮಾಡುತ್ತಿದ್ದರಂತೆ.

ಆಗ ಪಕ್ಕದ ಮನೆಯಲ್ಲಿ ಮಲಯಾಳದ ಕಡೆಯಿಂದ ಹೊಸದಾಗಿ ಬಂದ ದಂಪತಿಗಳಿದ್ದರು. ಆ ಹುಡುಗಿಗೆ ಕನ್ನಡದ ನಾಲ್ಕು ಮಾತು ಬರುತ್ತಿರಲಿಲ್ಲ, ಅತ್ತೆಯವರಿಗೆ ಮಲಯಾಳ ಒಂದೂ ಬರುತ್ತಿರಲಿಲ್ಲ. ರಾತ್ರಿ ಆ ಮನೆಯಲ್ಲಿ ಪಾತ್ರೆ ಬೀಳುವ ಸದ್ದೂ ಅಳುವ ದನಿಯೂ ಕೇಳಿದೊಡನೆ ಅತ್ತೆಯವರು ಒಂದು ಪುಟ್ಟ ಬಟ್ಟಲನ್ನು ಹಿಡಿದು ಹೊರಡುವರು. ಬಾಗಿಲು ತಟ್ಟಿ, "ಹಾಲಿಗೆ ಹೆಪ್ಪು ಹಾಕಬೇಕು, ಒಂದಿಷ್ಟು ಮಜ್ಜಿಗೆ ಕೊಡಿ" ಎನ್ನುವರು. ಗಂಡನು ಬಾಗಿಲು ತೆರೆದು ನಿಲ್ಲುವನು. ಇವರು ಒಳಗೆ ಹೋಗಿ ಹುಡುಗಿಯ ಪಕ್ಕದಲ್ಲಿ ಕುಳಿತುಬಿಡುವರು. ಆ ಹುಡುಗಿಯೊಡನೆ ಕನ್ನಡದಲ್ಲಿಯೇ, ಅರ್ಥವಾಗಲಿ ಬಿಡಲಿ, ಮಳೆಯ ವಿಷಯ, ಅಡಕೆಯ ವಿಷಯ ಮಾತಾಡುವರು. ಅವನ ಸಿಟ್ಟು ಇಳಿದು ಅವನು ಹೋಗಿ ಮಲಗಿದ ಮೇಲೆಯೇ ಏಳುವರು. ವಾರಕ್ಕೆ ಎರಡು ಸಲವಾದರೂ ಆದುದುಂಟಂತೆ. ಒಂದು ವರ್ಷದ ಮೇಲೆ ಆ ಹುಡುಗಿ, ಹೆಪ್ಪು ಬೇಕಾಗಿರಲಿ ಬೇಡವಾಗಿರಲಿ, ಸಂಜೆಯೇ ಒಂದು ಬಟ್ಟಲು ಮಜ್ಜಿಗೆಯನ್ನು ತಾನೇ ತಂದು ಇವರ ಜಗಲಿಯಲ್ಲಿ ಇಟ್ಟು ಹೋಗತೊಡಗಿದಳು.

"ನಮ್ಮ ಕೊಟ್ಟಿಗೆಯಲ್ಲಿ ಆಗ ಕರೆಯುವ ಹಸು ಮೂರಿದ್ದವು" ಎಂದು ಮನೆಯಾಕೆ ನನ್ನ ಎಲೆಗೆ ಇನ್ನಷ್ಟು ಮಜ್ಜಿಗೆ ಬಡಿಸಿದರು. "ಅವರ ಮನೆಗೆ ಹಾಲು ಹೋಗುತ್ತಿದ್ದುದೂ ಇಲ್ಲಿಂದಲೇ."